ಒಲೆಗೊಂದು ಕೊರಳು

ಉಡುಪಿ, ಕಾಪು, ಕಾರ್ಕಳದ ಹಿರಿಯರು ಸೀಮೆಎಣ್ಣೆಯನ್ನು ಇಂದಿಗೂ 'ಚಿಮಿಣಿ ಎಣ್ಣೆ' ಎಂದೇ ಕರೆಯುತ್ತಾರೆ. ಆ ಎಣ್ಣೆ ಮನೆಗಳಲ್ಲಿ ಈಗ ಅಪರೂಪವಾದರೂ ಹೆಸರು ಮಾತ್ರ ಮರೆಯಾಗಿಲ್ಲ. ಈ ಪದದ ಬೇರು ಇರುವುದು ಬಹು ದೂರದಲ್ಲಿ. ಗ್ರೀಕ್ ಭಾಷೆಯಲ್ಲಿ 'ಕಾಮಿನೋಸ್' ಎಂದರೆ ಕುಲುಮೆ. ಅದು ಲ್ಯಾಟಿನ್ ಭಾಷೆಗೆ ಬಂದು, ಮುಂದೆ ಇಂಗ್ಲಿಷಿನಲ್ಲಿ 'ಚಿಮ್ನಿ'ಯಾಯಿತು. ಸ್ಪ್ಯಾನಿಷಿನಲ್ಲಿ 'ಚಿಮೆನೇಯಾ' ಆಯಿತು. ಸ್ಪ್ಯಾನಿಷ್ ಮಾತನಾಡುವ ಮೆಕ್ಸಿಕೋ ದೇಶದಲ್ಲಿ ಈ ಹೆಸರಿನ ಮಣ್ಣಿನ ಒಲೆಯೊಂದಿದೆ. ಅಂಗಳದಲ್ಲಿ ಇಟ್ಟು ಬೆಂಕಿ ಕಾಯಿಸಿಕೊಳ್ಳುವ ಒಲೆ ಅದು. ಕರಾವಳಿಯ ಬಚ್ಚಲುಮನೆಗಳಿಗೆ ಅದರಿಂದ ಕಲಿಯಬೇಕಾದ ಪಾಠವೊಂದಿದೆ.

ಹೊಟ್ಟೆ, ಬಾಯಿ, ಕೊರಳು

ಮೆಕ್ಸಿಕೋದ ಈ ಒಲೆಯನ್ನು ನೋಡಿದವರಿಗೆ ದೊಡ್ಡದೊಂದು ಮಡಕೆಯ ನೆನಪಾಗುತ್ತದೆ. ಕೆಳಗೆ ಉಬ್ಬಿದ ಹೊಟ್ಟೆ, ಮುಂದುಗಡೆ ಸೌದೆ ಇಡಲು ಅಗಲವಾದ ಬಾಯಿ, ಮೇಲೆ ನೀಳವಾದ ಕೊರಳು. ಸೌದೆ ಹೊಟ್ಟೆಯಲ್ಲಿ ಉರಿಯುತ್ತದೆ, ಗಾಳಿ ಬಾಯಿಯಿಂದ ಒಳಗೆ ಹೋಗುತ್ತದೆ, ಹೊಗೆ ಕೊರಳಿನಿಂದ ಮೇಲಕ್ಕೆ ಹೋಗುತ್ತದೆ. ಸುತ್ತ ಕುಳಿತವರಿಗೆ ಬಾಯಿಯಿಂದಲೂ ಕಾದ ಗೋಡೆಯಿಂದಲೂ ಶಾಖ ವಿಕಿರಣದ ಮೂಲಕ ಬರುತ್ತದೆ. ಹೊಗೆ ಮಾತ್ರ ಅವರ ತಲೆಯ ಮೇಲಿನಿಂದ ಹೊರಟುಹೋಗುತ್ತದೆ. ಸಮುದ್ರಮಟ್ಟದಿಂದ ಒಂದೂವರೆ ಸಾವಿರ ಮೀಟರಿಗಿಂತ ಎತ್ತರದ ಪ್ರಸ್ಥಭೂಮಿಗಳಿರುವ ಆ ದೇಶದಲ್ಲಿ ಸೂರ್ಯ ಮುಳುಗಿದ ಕೂಡಲೇ ಚಳಿ ಏರುತ್ತದೆ. ಅಂಗಳದ ಒಲೆ ಅಲ್ಲಿ ಅಲಂಕಾರದ ವಸ್ತುವಾಗಿ ಹುಟ್ಟಿದ್ದಲ್ಲ. 1990ರ ದಶಕದಲ್ಲಿ ಅದು ಅಮೆರಿಕ, ಯುರೋಪಿನ ಕೈತೋಟಗಳಿಗೂ ಹೋಗಿ ಶೋಭೆಯ ವಸ್ತುವಾಯಿತು.

ಉಡುಪಿ ಜಿಲ್ಲೆಯಲ್ಲಿ ಬೆಂಕಿ ಕಾಯಿಸಿಕೊಳ್ಳುವಷ್ಟು ಚಳಿಯಿಲ್ಲ. ಡಿಸೆಂಬರ್, ಜನವರಿಯ ಮುಂಜಾನೆಯಲ್ಲೂ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಇಲ್ಲಿ ಬೆಂಕಿ ಕಾಯಿಸುವುದು ಮನುಷ್ಯರನ್ನಲ್ಲ, ಸ್ನಾನದ ನೀರನ್ನು. ಆದ್ದರಿಂದ ಕರಾವಳಿಯ 'ಚಿಮಿನೇಯಾ'ವನ್ನು ಅಂಗಳದಲ್ಲಿ ಹುಡುಕಬಾರದು, ಮನೆಯ ಹಿಂಭಾಗದ ಬಚ್ಚಲಿನಲ್ಲಿ ಹುಡುಕಬೇಕು. ಮಣ್ಣಿನಲ್ಲೋ ಮುರಕಲ್ಲಿನಲ್ಲೋ ಕಟ್ಟಿದ ಒಲೆ, ಅದರ ಮೇಲೆ ತಾಮ್ರದ ಹಂಡೆ. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಶಾಸ್ತ್ರಕ್ಕೆ ಹಂಡೆಯನ್ನು ಹುಣಸೆಹುಳಿ ಹಾಕಿ ತಿಕ್ಕಿ, ಶೇಡಿಯ ಗೆರೆ ಎಳೆದು, ಕೊರಳಿಗೆ ಬಳ್ಳಿ ಸುತ್ತಿ ಸಿಂಗರಿಸುತ್ತಾರೆ. ಹಂಡೆಯ ಕೊರಳಿಗೆ ಬಳ್ಳಿ ಸುತ್ತುವ ಎಷ್ಟೋ ಮನೆಗಳಲ್ಲಿ ಒಲೆಗೆ ಮಾತ್ರ ಕೊರಳೇ ಇಲ್ಲ!

ಅಡುಗೆಮನೆಗೆ ಗ್ಯಾಸ್ ಬಂದಿದೆ. ಬಡ ಕುಟುಂಬಗಳಿಗೆ ಅಡುಗೆ ಅನಿಲ ಒದಗಿಸುವ ಉಜ್ವಲಾ ಯೋಜನೆ 2016ರಲ್ಲಿ ಆರಂಭವಾಯಿತು. ಆದರೆ ತೆಂಗು, ಅಡಿಕೆ ತೋಟವಿರುವ ಮನೆಯಲ್ಲಿ ಮಡಲು, ಕೊತ್ತಳಿಗೆ, ಗೆರಟೆ, ಸಿಪ್ಪೆ ಎಲ್ಲವೂ ಪುಕ್ಕಟೆ. ಹೀಗಾಗಿ ಬಚ್ಚಲೊಲೆ ಉಳಿದುಕೊಂಡಿದೆ, ಅದರ ಹೊಗೆಯೂ ಉಳಿದುಕೊಂಡಿದೆ. ಅಡುಗೆಮನೆಯ ಹೊಗೆಯನ್ನು ಓಡಿಸಿದ ಮನೆ ಬಚ್ಚಲಿನ ಹೊಗೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹೊಗೆಯನ್ನು ಎತ್ತುವವರು ಯಾರು?

ಚಿಮಣಿ ಹೊಗೆಯನ್ನು ಎಳೆದುಕೊಳ್ಳುತ್ತದೆ ಎಂದು ಹೇಳುವುದು ವಾಡಿಕೆ. ನಿಜಕ್ಕೂ ಚಿಮಣಿಗೆ ಎಳೆಯುವ ಶಕ್ತಿಯಿಲ್ಲ. ಹೊರಗಿನ ತಣ್ಣನೆಯ ಗಾಳಿಯೇ ಹೊಗೆಯನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ. ಹೇಗೆಂದು ನೋಡೋಣ.

27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.2 ಕಿಲೋಗ್ರಾಂ. ಅದೇ ಗಾಳಿಯನ್ನು 327 ಡಿಗ್ರಿಗೆ ಕಾಯಿಸಿದರೆ ಅದು ಹಿಗ್ಗಿ ಎರಡು ಪಟ್ಟು ಜಾಗ ಹಿಡಿಯುತ್ತದೆ. ಅಂದರೆ ಒಂದು ಘನ ಮೀಟರಿನ ತೂಕ 0.6 ಕಿಲೋಗ್ರಾಂಗೆ ಇಳಿಯುತ್ತದೆ. (ಕೆಲ್ವಿನ್ ಮಾನದಲ್ಲಿ 300 ಇದ್ದದ್ದು 600 ಆಯಿತು, ಚಾರ್ಲ್ಸನ ನಿಯಮ ಓದಿದ ವಿದ್ಯಾರ್ಥಿಗಳಿಗೆ ಇದು ಸುಲಭ.) ಕೊಳವೆಯೊಳಗೆ ಹಗುರ ಗಾಳಿ, ಹೊರಗೆ ಭಾರದ ಗಾಳಿ. ತಕ್ಕಡಿಯ ಎರಡು ತಟ್ಟೆಗಳಂತೆ ಭಾರದ್ದು ಕೆಳಗಿಳಿಯುತ್ತದೆ, ಹಗುರವಾದದ್ದು ಮೇಲೇರುತ್ತದೆ. ಇಳಿದ ತಣ್ಣನೆಯ ಗಾಳಿ ಒಲೆಯ ಬಾಯಿಯಿಂದ ನುಗ್ಗಿ ಬೆಂಕಿಗೆ ಆಮ್ಲಜನಕವನ್ನೂ ಕೊಡುತ್ತದೆ.

ಆದರೆ ಈ ತಳ್ಳುವ ಬಲ ಎಷ್ಟು ಕಡಿಮೆ ಗೊತ್ತೇ? ಕೊಳವೆಯ ಎತ್ತರ ಒಂದು ಮೀಟರ್, ಒಳಗಿನ ಉಷ್ಣಾಂಶ 327 ಡಿಗ್ರಿ ಎಂದಿಟ್ಟುಕೊಂಡರೆ, ತಟ್ಟೆಯಲ್ಲಿ ನಿಂತ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಆಳದ ನೀರು ತಳದ ಮೇಲೆ ಹಾಕುವಷ್ಟು ಒತ್ತಡ, ಅಷ್ಟೇ. ಬಚ್ಚಲೊಲೆಯ ಹೊಗೆ ಹಂಡೆಗೆ ಶಾಖ ಕೊಟ್ಟು ತಣಿದಿರುತ್ತದೆ. ಅದು 177 ಡಿಗ್ರಿಯಲ್ಲಿದ್ದು ಕೊಳವೆ ಮೂರು ಮೀಟರ್ ಎತ್ತರವಿದ್ದರೆ ಸುಮಾರು 1.2 ಮಿಲಿಮೀಟರ್ ನೀರಿನಷ್ಟು ಒತ್ತಡ ಸಿಗುತ್ತದೆ. ಎತ್ತರ ಹೆಚ್ಚಿದಷ್ಟೂ, ಒಳಗಿನ ಗಾಳಿ ಬಿಸಿಯಾಗಿದ್ದಷ್ಟೂ ತಳ್ಳುವಿಕೆ ಹೆಚ್ಚು.

ಬಲ ಇಷ್ಟು ಅಲ್ಪವಾದ ಕಾರಣ ಸಣ್ಣಪುಟ್ಟ ಅಡ್ಡಿಗೂ ಅದು ಸೋಲುತ್ತದೆ. ಕೊಳವೆಯಲ್ಲಿ ಎರಡು ಅಡ್ಡ ತಿರುವು, ಒಳಗೆ ಕಟ್ಟಿಕೊಂಡ ಮಸಿ, ಪಕ್ಕದ ಮಾಡಿಗಿಂತ ತಗ್ಗಿನಲ್ಲಿರುವ ತುದಿ, ಇವುಗಳಲ್ಲಿ ಯಾವುದಾದರೂ ಒಂದು ಸಾಕು, ಹೊಗೆ ಹಿಂದಿರುಗಿ ಬಚ್ಚಲಿಗೇ ಬರುತ್ತದೆ. ಕಾಪುವಿನಂಥ ಕಡಲತೀರದ ಊರುಗಳಲ್ಲಿ ಹಗಲು ಕಡಲಿನಿಂದ, ರಾತ್ರಿ ನೆಲದಿಂದ ಗಾಳಿ ಬೀಸುತ್ತದೆ. ಮಾಡಿನ ಮೇಲಿನಿಂದ ಧುಮುಕುವ ಗಾಳಿ ಸುಳಿಯಾಗಿ ತಗ್ಗಿನ ಚಿಮಣಿಯ ಬಾಯಿಗೆ ಹೊಡೆಯುತ್ತದೆ. ಚಿಮಣಿ ಮಾಡಿನ ನೆತ್ತಿಯನ್ನು ದಾಟಿ ಎರಡು ಅಡಿಯಾದರೂ ಮೇಲಿರಬೇಕು ಎನ್ನುವುದು ಇದೇ ಕಾರಣಕ್ಕೆ.

ತಾಮ್ರದ ಹಂಡೆ, ಮಣ್ಣಿನ ಗೋಡೆ

ತಾಮ್ರ ಶಾಖದ ಉತ್ತಮ ವಾಹಕ. ಸುಟ್ಟ ಮಣ್ಣಿಗಿಂತ ಅದು ಸುಮಾರು ಐನೂರು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಶಾಖ ಎಲ್ಲಿ ಒಳಹೋಗಬೇಕೋ ಅಲ್ಲಿ ತಾಮ್ರ, ಎಲ್ಲಿ ಹೊರಹೋಗಬಾರದೋ ಅಲ್ಲಿ ಮಣ್ಣು. ಹಿರಿಯರ ಈ ಜೋಡಣೆಯಲ್ಲಿ ಭೌತಶಾಸ್ತ್ರವೇ ಅಡಗಿದೆ.

ಆದರೆ ಮಣ್ಣಿಗೆ ಒಂದು ದೌರ್ಬಲ್ಯವಿದೆ. ಕುಂಬಾರರು ಮಡಕೆ, ಅಳಗೆಗಳನ್ನು ಸುಡುವಾಗ ಜೇಡಿಮಣ್ಣಿನ ಕಣಗಳಲ್ಲಿ ರಾಸಾಯನಿಕವಾಗಿ ಬಂಧಿತವಾದ ನೀರು 450ರಿಂದ 600 ಡಿಗ್ರಿಯ ನಡುವೆ ಹೊರಬೀಳುತ್ತದೆ. ಬಳಿಕ ಅದು ಮತ್ತೆ ನೀರಿನಲ್ಲಿ ಕರಗದ ಗಟ್ಟಿ ವಸ್ತುವಾಗುತ್ತದೆ. ಆದರೂ ಅದರಲ್ಲಿ ಸೂಕ್ಷ್ಮ ರಂಧ್ರಗಳು ಉಳಿದಿರುತ್ತವೆ. ಮಡಕೆಯ ನೀರು ತಂಪಾಗಿರುವುದು ಈ ರಂಧ್ರಗಳಿಂದಲೇ. ಒಲೆಗೆ ಮಾತ್ರ ಇವೇ ಶತ್ರು. ಮಳೆಯಲ್ಲಿ ನೆನೆದ ಮಣ್ಣಿನ ಒಲೆಗೆ ಒಮ್ಮೆಲೇ ದೊಡ್ಡ ಬೆಂಕಿ ಹಾಕಿದರೆ ರಂಧ್ರದ ನೀರು ಆವಿಯಾಗಿ ಸಾವಿರದ ಆರುನೂರಕ್ಕೂ ಹೆಚ್ಚು ಪಟ್ಟು ಹಿಗ್ಗುತ್ತದೆ. ಒಳಮೈ ಕಾದು ಹಿಗ್ಗುವಾಗ ಹೊರಮೈ ಇನ್ನೂ ತಣ್ಣಗಿರುತ್ತದೆ. ಬಿರುಕು ಬಿಡುವುದು ಹೀಗೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಮಣಿಪಾಲದ ಯಾವುದೋ ಮನೆಯವರು ಆಸೆಪಟ್ಟು ಕೈತೋಟಕ್ಕೆ ಮೆಕ್ಸಿಕೋದ ಒಲೆ ತರಿಸಿದರೂ, ಅದನ್ನು ಮಾಡಿನ ಕೆಳಗೆ ಇಡದಿದ್ದರೆ ಒಂದೇ ಮಳೆಗಾಲಕ್ಕೆ ಅದರ ಕತೆ ಮುಗಿದೀತು. ಹೊಸ ಒಲೆಯ ತಳಕ್ಕೆ ಮರಳು ಹಾಸಿ, ಮೊದಲ ಕೆಲವು ದಿನ ಸಣ್ಣ ಬೆಂಕಿಯನ್ನಷ್ಟೇ ಹಾಕಿ ಪಳಗಿಸುವುದು ಮೆಕ್ಸಿಕೋದ ಪದ್ಧತಿ. ಹೊಸ ಬಚ್ಚಲೊಲೆಗೂ ಇದು ಒಳ್ಳೆಯ ಕ್ರಮ.

ಸೌದೆಯ ಲೆಕ್ಕ

ಒಂದು ಹಂಡೆ, ಅಂದರೆ 50 ಲೀಟರ್ ನೀರನ್ನು 25 ಡಿಗ್ರಿಯಿಂದ 65 ಡಿಗ್ರಿಗೆ ಏರಿಸಲು 8,400 ಕಿಲೋಜೂಲ್ ಶಾಖ ಬೇಕು. ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 16,000 ಕಿಲೋಜೂಲ್ ಶಾಖವಿದೆ. ಹಾಗಾದರೆ ಅರ್ಧ ಕಿಲೋ ಸೌದೆ ಸಾಕಲ್ಲವೇ? ಲೆಕ್ಕ ಸರಿ, ಆದರೆ ಒಲೆ ಅಷ್ಟು ಪ್ರಾಮಾಣಿಕವಲ್ಲ. ದಕ್ಷತೆ ಶೇಕಡಾ 10 ಇರುವ ಒಲೆಗೆ ಐದು ಕಿಲೋಗೂ ಮಿಕ್ಕಿ ಸೌದೆ ಬೇಕು. ದಕ್ಷತೆ ಶೇಕಡಾ 40ಕ್ಕೆ ಏರಿದರೆ ಒಂದು ಕಿಲೋ ಮುನ್ನೂರು ಗ್ರಾಂ ಸಾಕು. ಉಳಿದ ಸೌದೆ ಹೊಗೆಯಾಗಿ, ಗೋಡೆಯ ಬಿಸಿಯಾಗಿ ವ್ಯರ್ಥವಾಗುತ್ತದೆ.

ಈ ಲೆಕ್ಕವನ್ನು ಗಂಭೀರವಾಗಿ ತೆಗೆದುಕೊಂಡವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಪ್ರೊಫೆಸರ್ ಅಮೂಲ್ಯ ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಅಲ್ಲಿ 'ಅಸ್ತ್ರ' ಎಂಬ ವಿಭಾಗ ಹುಟ್ಟಿತು. ವಿಜ್ಞಾನವನ್ನು ಹಳ್ಳಿಗೆ ಒಯ್ಯುವುದು ಅದರ ಗುರಿ. ಅಲ್ಲಿ ರೂಪುಗೊಂಡ 'ಅಸ್ತ್ರ ಒಲೆ' ಕರ್ನಾಟಕದ ಹಳ್ಳಿಗಳಲ್ಲಿ ಹೆಸರು ಮಾಡಿತು. ಮೂರು ಪಾತ್ರೆ ಇಡುವ ಮುಚ್ಚಿದ ಒಲೆ, ಸೌದೆಯ ಕೆಳಗೆ ಗಾಳಿಯಾಡಲು ಜಾಲರಿ, ಕೊನೆಯಲ್ಲಿ ಹೊಗೆಕೊಳವೆ. ಪರೀಕ್ಷೆಯಲ್ಲಿ ಅದರ ದಕ್ಷತೆ ಶೇಕಡಾ 40ನ್ನು ಮೀರಿತ್ತು. ದೂರದ ಮೆಕ್ಸಿಕೋದ ಕುಂಬಾರರು ಮಡಕೆಗೆ ಕೊರಳು ಕೊಟ್ಟರು. ಬೆಂಗಳೂರಿನ ವಿಜ್ಞಾನಿಗಳು ಆ ಕೊರಳಿಗೆ ಲೆಕ್ಕ ಹಾಕಿ ಅಳತೆ ಕೊಟ್ಟರು.

ಹೊಗೆಯಲ್ಲಿ ಏನಿದೆ?

ಸೌದೆ ಪೂರ್ತಿ ಉರಿದರೆ ಉಳಿಯುವುದು ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ಬೂದಿ. ಗಾಳಿ ಸಾಲದೆ ಅರೆಬರೆ ಉರಿದಾಗ ಮಸಿಯ ಕಣ, ಕಣ್ಣುರಿಸುವ ಅನಿಲ, ಜತೆಗೆ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತವೆ. ಈ ಕೊನೆಯದು ಬಣ್ಣವಿಲ್ಲದ, ವಾಸನೆಯಿಲ್ಲದ ವಿಷ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು.

ಹೊಗೆಯಾಡದ ಕೆಂಡ ನಿರಪಾಯ ಎಂಬ ನಂಬಿಕೆಯೂ ತಪ್ಪು. ಬಾಣಂತಿ ಮತ್ತು ಮಗುವಿನ ಕೋಣೆಗೆ ಬಚ್ಚಲೊಲೆಯ ಕೆಂಡವನ್ನು ಒಯ್ದು, ಗಾಳಿ ತಾಗಬಾರದೆಂದು ಕಿಟಕಿ ಬಾಗಿಲು ಮುಚ್ಚುವ ರೂಢಿ ಇದೆ. ಕೆಂಡದಿಂದ ಹೊಗೆ ಕಾಣಿಸದಿದ್ದರೂ ಮಾನಾಕ್ಸೈಡ್ ಹೊರಡುತ್ತಲೇ ಇರುತ್ತದೆ. ಅಂಥ ಕೋಣೆಯಲ್ಲಿ ತಲೆಸುತ್ತು, ತಲೆನೋವು, ವಾಕರಿಕೆ ಕಂಡುಬಂದರೆ ತಕ್ಷಣ ಎಲ್ಲರನ್ನೂ ಹೊರಗಿನ ಗಾಳಿಗೆ ಕರೆತಂದು ವೈದ್ಯರ ಬಳಿಗೆ ಒಯ್ಯಬೇಕು. ಮುಚ್ಚಿದ ಕೋಣೆಗೆ ಕೆಂಡ ತಾರದಿರುವುದೇ ಎಲ್ಲಕ್ಕಿಂತ ಒಳ್ಳೆಯದು.

ಪೋಷಕರು ಗಮನಿಸಬೇಕಾದದ್ದು

ಸೌದೆಯನ್ನು ಮಳೆಗಾಲಕ್ಕೆ ಮೊದಲೇ ಮಾಡಿನಡಿ ಪೇರಿಸಿಡಬೇಕು. ಹಸಿ ಸೌದೆಯಲ್ಲಿರುವ ಪ್ರತಿ ಕಿಲೋ ನೀರನ್ನು ಆವಿ ಮಾಡಲು ಸುಮಾರು 2,600 ಕಿಲೋಜೂಲ್ ಶಾಖ ನಷ್ಟವಾಗುತ್ತದೆ, ಬೆಂಕಿ ತಣಿದು ಹೊಗೆ ಹೆಚ್ಚುತ್ತದೆ. ಬೂದಿಯನ್ನು ದಿನವೂ ತೆಗೆದು, ಸೌದೆಯ ಕೆಳಗೆ ಕಬ್ಬಿಣದ ಜಾಲರಿ ಇಟ್ಟರೆ ಗಾಳಿ ಸರಾಗವಾಗಿ ಹರಿಯುತ್ತದೆ. ತಣ್ಣಗಿರುವ ಚಿಮಣಿಯೊಳಗಿನ ಗಾಳಿಯೂ ಭಾರವೇ. ಆದ್ದರಿಂದ ಮೊದಲು ಒಣ ಮಡಲಿನ ಚುರುಕಾದ ಉರಿ ಹಾಕಿ ಕೊಳವೆಯನ್ನು ಬಿಸಿ ಮಾಡಿ, ಬಳಿಕ ದಪ್ಪ ಸೌದೆ ಇಡಬೇಕು. ವರ್ಷಕ್ಕೆರಡು ಬಾರಿ ಮಸಿ ಕೆರೆಯಬೇಕು. ಹೊಗೆಕೊಳವೆಗೆ ಹಳೆಯ ಕಲ್ನಾರಿನ ಪೈಪನ್ನು ಕತ್ತರಿಸಿ ಬಳಸುವುದು ಬೇಡ. ಅದರ ಧೂಳು ಶ್ವಾಸಕೋಶಕ್ಕೆ ಮಾರಕ.

ಒಲೆ ಹೊತ್ತಿಸಲು ಹಾಲಿನ ಪ್ಯಾಕೆಟ್, ಪ್ಲಾಸ್ಟಿಕ್ ಚೀಲ ಹಾಕುವ ಅಭ್ಯಾಸ ಬಲು ಕೆಟ್ಟದ್ದು. ಸಾಮಾನ್ಯ ಒಲೆಯ ಬೆಂಕಿಯಲ್ಲಿ ಪ್ಲಾಸ್ಟಿಕ್ ಪೂರ್ತಿ ಉರಿಯದೆ ವಿಷಾನಿಲ ಬಿಡುತ್ತದೆ. ಗೇರುಬೀಜದ ಕಾರ್ಖಾನೆಗಳಿರುವ ಕಾರ್ಕಳದಂಥ ಕಡೆ ಗೇರುಬೀಜದ ಸಿಪ್ಪೆಯೂ ಸುಲಭವಾಗಿ ಸಿಗುತ್ತದೆ. ಅದರ ಎಣ್ಣೆ ಚರ್ಮವನ್ನು ಸುಡುವಂಥದ್ದು, ಹೊಗೆ ಕಣ್ಣು, ಗಂಟಲನ್ನು ಕೆರಳಿಸುತ್ತದೆ. ಮನೆಯ ಒಲೆಗೆ ಅದು ತಕ್ಕ ಉರುವಲಲ್ಲ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಹಳೆಯ ದೀಪದ ಗಾಜಿನ ಚಿಮಣಿ, ಸಣ್ಣ ಮೇಣದ ಬತ್ತಿ, ತಟ್ಟೆ, ನೀರು, ದಪ್ಪ ರಟ್ಟು, ಊದುಬತ್ತಿ. ಹಿರಿಯರೊಬ್ಬರು ಜತೆಗಿರಲಿ.

ತಟ್ಟೆಯ ನಡುವೆ ಬತ್ತಿ ನಿಲ್ಲಿಸಿ ಹಚ್ಚಿ, ಸ್ವಲ್ಪ ನೀರು ಸುರಿದು, ಗಾಜನ್ನು ಅದರ ಮೇಲಿಡಿ. ನೀರಿನಿಂದಾಗಿ ಕೆಳಗಿನಿಂದ ಗಾಳಿ ಬರುವಂತಿಲ್ಲ. ಮೇಲಿನ ಬಾಯಿ ತೆರೆದಿದ್ದರೂ ಉರಿ ಮಂಕಾಗಿ ನಂದುತ್ತದೆ. ಮತ್ತೊಮ್ಮೆ ಹಚ್ಚಿ, ಈ ಬಾರಿ ಗಾಜಿನ ಮೇಲಿನ ಬಾಯಿಯನ್ನು ಎರಡು ಪಾಲು ಮಾಡುವಂತೆ ರಟ್ಟಿನ ಪಟ್ಟಿಯೊಂದನ್ನು ಇಳಿಬಿಡಿ. ಪಟ್ಟಿ ಉರಿಗೆ ತಾಗದಿರಲಿ. ಬತ್ತಿ ಉರಿಯುತ್ತಲೇ ಇರುತ್ತದೆ. ಊದುಬತ್ತಿಯನ್ನು ಬಾಯಿಯ ಬಳಿ ಹಿಡಿದರೆ ಅದರ ಹೊಗೆ ಒಂದು ಪಾಲಿನಲ್ಲಿ ಒಳಗಿಳಿದು ಇನ್ನೊಂದು ಪಾಲಿನಲ್ಲಿ ಮೇಲೇರುವುದು ಕಾಣುತ್ತದೆ. ಗಾಳಿಗೆ ಬರುವ ದಾರಿ, ಹೋಗುವ ದಾರಿ ಎರಡೂ ಬೇಕೆಂಬುದು ಇದರಿಂದ ಸ್ಪಷ್ಟ.

ಪ್ರಯೋಗ ಮುಗಿದ ಮೇಲೆ ವಿದ್ಯಾರ್ಥಿಗಳು ತಮ್ಮ ಮನೆಯ ಬಚ್ಚಲೊಲೆಯನ್ನೊಮ್ಮೆ ಪರೀಕ್ಷಿಸಲಿ. ಗಾಳಿ ಎಲ್ಲಿಂದ ಒಳಬರುತ್ತದೆ, ಹೊಗೆ ಎಲ್ಲಿಂದ ಹೊರಹೋಗುತ್ತದೆ, ಚಿಮಣಿ ಮಾಡಿಗಿಂತ ಎತ್ತರವಿದೆಯೇ, ಒಂದು ಹಂಡೆ ನೀರಿಗೆ ಎಷ್ಟು ಕಿಲೋ ಸೌದೆ ಹಿಡಿಯುತ್ತದೆ, ಇವನ್ನು ಒಂದು ವಾರ ಬರೆದಿಟ್ಟರೆ ಮನೆಯವರಿಗೆ ತೋರಿಸಲು ಒಳ್ಳೆಯ ಲೆಕ್ಕಪತ್ರವಾಗುತ್ತದೆ. ಮುಂಜಾನೆ ಎಲ್ಲರಿಗಿಂತ ಮೊದಲೆದ್ದು ಒಲೆಯ ಮುಂದೆ ಕುಳಿತು ಊದುಕೊಳವೆ ಊದುವವರು ಹೆಚ್ಚಾಗಿ ಮನೆಯ ಅಮ್ಮನೋ ಅಜ್ಜಿಯೋ. ಒಲೆಗೆ ಕೊರಳು ಬಂದರೆ ಅವರ ಎದೆ ಹಗುರವಾಗುತ್ತದೆ.