ರಣಹದ್ದು ಕಂಡರೆ ಕೊಟ್ಟಿಗೆ ಕಡೆ ನೋಡೋಣ

ರಾಮನಗರ ಸುತ್ತಲಿನ ನಮ್ಮ ಊರುಗಳಲ್ಲಿ ಮನೆ ಹಿಂದಿನ ಬಂಡೆ ಮೇಲೆ ಅಪರೂಪಕ್ಕೆ ರಣಹದ್ದು ಕೂತರೆ ನಾವು ಮೊಬೈಲ್ ತೆಗೆಯುತ್ತೇವೆ, ಸ್ಟೇಟಸ್ ಹಾಕುತ್ತೇವೆ. ಅಷ್ಟಕ್ಕೇ ಮರೆಯುತ್ತೇವೆ.

ರಾಮದೇವರ ಬೆಟ್ಟ 2012ರಲ್ಲೇ ರಣಹದ್ದು ಧಾಮವಾಯಿತು. ಆದರೆ ಹದ್ದಿಗೆ ಧಾಮದ ಗಡಿ ಗೊತ್ತಿಲ್ಲ. ಸತ್ತ ದನ ಹುಡುಕಿಕೊಂಡು ನಮ್ಮ ಹೊಲಗಳ ಮೇಲೂ ಹಾರುತ್ತದೆ. ಆ ದನಕ್ಕೆ ಸಾಯುವ ಮುನ್ನ ನೋವಿಗೆಂದು ಡೈಕ್ಲೋಫೆನಾಕ್ ಚುಚ್ಚಿದ್ದರೆ, ಮಾಂಸ ತಿಂದ ಹದ್ದು ಮೂತ್ರಪಿಂಡ ಕೆಟ್ಟು ಸಾಯುತ್ತದೆ.

ಜಾನುವಾರುಗಳಿಗೆ ಡೈಕ್ಲೋಫೆನಾಕ್ ನಿಷೇಧವಾಗಿದ್ದು 2006ರಲ್ಲಿ. ಕೀಟೊಪ್ರೊಫೇನ್, ಅಸಿಕ್ಲೋಫೆನಾಕ್ 2023ರಲ್ಲಿ. ಆದರೂ ಸಿರಿಂಜಿಗೆ ಏನು ತುಂಬಿದರು ಎಂದು ನಾವು ಕೇಳುವುದೇ ಇಲ್ಲ. ಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕಾಮ್ ಇದೆ. ಹಸುವಿಗೆ ಸೂಜಿ ಹಾಕಲು ಬಂದವರನ್ನು ‘ಯಾವ ಔಷಧಿ ಸಾರ್?’ ಎಂದು ಕೇಳುವ ಕೆಲಸ ಅರಣ್ಯ ಇಲಾಖೆಯದ್ದಲ್ಲ, ದನ ಸಾಕುವ ನಮ್ಮದು.