ನಾಡಿಯೊಡನೆ ಮಿಡಿಯುವ ಕಿವಿಮೊರೆತ

ರಾಜರಾಜೇಶ್ವರಿನಗರದ ಶರಣ ಕುಟುಂಬವೊಂದು ನಮ್ಮ ಮುಂದೆ ಪ್ರಶ್ನೆಯೊಂದನ್ನು ಇರಿಸಿದೆ. ಮನೆಯ ಹಿರಿಯ ತಾಯಿಯವರು ರಾತ್ರಿ ದಿಂಬಿಗೆ ತಲೆಯಿಟ್ಟೊಡನೆ ಬಲಗಿವಿಯಲ್ಲಿ ಸದ್ದು. ನಾಡಿಯ ಬಡಿತಕ್ಕೆ ಸರಿಯಾಗಿ ಅದೂ ಮಿಡಿಯುತ್ತದೆ. ಸ್ಕ್ಯಾನಿಂಗ್ ಆಯಿತು, ಶಸ್ತ್ರಚಿಕಿತ್ಸೆಯ ಮಾತೂ ಬಂದಿತು. ಅದಕ್ಕೆ ಮುನ್ನ ವೈದ್ಯರು ರಕ್ತದ ಕೊಬ್ಬಿನ ಪರೀಕ್ಷೆಯನ್ನು ಬರೆದುಕೊಟ್ಟರಂತೆ. ಕಿವಿಗೂ ಕೊಬ್ಬಿಗೂ ಏನು ಸಂಬಂಧವೆಂಬುದು ಮಕ್ಕಳ ಕೇಳಿಕೆ.

ಸಂಬಂಧವುಂಟು. ನಾಡಿಯೊಡನೆ ಮಿಡಿಯುವ ಮೊರೆತವು ಬಹುಮಟ್ಟಿಗೆ ರಕ್ತದ ಹರಿವಿನ ಸದ್ದೇ ಆಗಿರುತ್ತದೆ. ಮಿದುಳಿನಿಂದ ರಕ್ತವನ್ನು ಮರಳಿ ತರುವ ಸಿಗ್ಮಾಯ್ಡ್ ಎಂಬ ದೊಡ್ಡ ನಾಳ ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು ಸಾಗುತ್ತದೆ. ಆ ಮೂಳೆ ತೆಳುವಾಗಿ ತೂತಾದರೆ, ಇಲ್ಲವೇ ನಾಳದ ಗೋಡೆ ಚೀಲದಂತೆ ಉಬ್ಬಿದರೆ, ಹರಿವು ಕಿವಿಗೆ ಕೇಳತೊಡಗುತ್ತದೆ. ಶಸ್ತ್ರವೈದ್ಯರು ಆ ಎಡೆಯನ್ನು ಮೂಳೆಯ ಪುಡಿ, ಸ್ನಾಯುವಿನ ಪೊರೆ ಮುಂತಾದವುಗಳಿಂದ ಮುಚ್ಚಿ ಬಲಪಡಿಸುತ್ತಾರೆ. ಕಾರಣವನ್ನು ಸರಿಯಾಗಿ ಗುರುತಿಸಿ ಮಾಡಿದಲ್ಲಿ ಹಲವರಿಗೆ ಸದ್ದು ನಿಲ್ಲುತ್ತದೆ.

ಕಾರಣ ಬೇರೆಯಾಗಿದ್ದರೆ? ಮಿದುಳಿಗೆ ರಕ್ತವೊಯ್ಯುವ ಕ್ಯಾರೊಟಿಡ್ ನಾಳವೂ ಕುತ್ತಿಗೆಯಿಂದೇರಿ ಕಿವಿಯ ಸಮೀಪದಲ್ಲಿಯೇ ಹಾಯುತ್ತದೆ. ಎಲ್‌ಡಿಎಲ್ ಎಂಬ ಕೆಟ್ಟ ಕೊಬ್ಬು ವರ್ಷಗಟ್ಟಲೆ ಏರಿದ್ದರೆ ಈ ನಾಳದೊಳಗೆ ಅಂಟಿ ದಾರಿ ಕಿರಿದಾಗುತ್ತದೆ. ರಕ್ತ ಸುಳಿಯಾಗಿ ಹರಿದು ಸದ್ದು ಮಾಡುತ್ತದೆ. ಇಂಥವರಿಗೆ ಕಿವಿಯ ಹಿಂದಿನ ಮೂಳೆಯನ್ನು ಎಷ್ಟು ಚೆನ್ನಾಗಿ ಮುಚ್ಚಿದರೂ ಮೊರೆತ ಉಳಿಯುತ್ತದೆ, ಜೊತೆಗೆ ಪಾರ್ಶ್ವವಾಯುವಿನ ಭಯವೂ. ಆದುದರಿಂದಲೇ ಕುತ್ತಿಗೆಯ ಡಾಪ್ಲರ್ ಮತ್ತು ಲಿಪಿಡ್ ಪರೀಕ್ಷೆಗಳು ಮೊದಲಿಗೆ ಬೇಕು. ಹಾಗೆಂದು ಕೊಬ್ಬು ಏರಿದೆಯೆಂಬ ಮಾತ್ರಕ್ಕೆ ಅದೇ ಕಾರಣವೆನ್ನಲೂ ಆಗದು. ರಕ್ತಹೀನತೆ, ಥೈರಾಯ್ಡ್ ದೋಷ, ತಲೆಯೊಳಗಿನ ಒತ್ತಡ, ಅಪರೂಪಕ್ಕೆ ಗಂಟು ಕೂಡ ಇಂತಹ ಸದ್ದಿಗೆ ಎಡೆಮಾಡುತ್ತವೆ. ಮೂಳೆಯ ತೂತು ಮಾತ್ರೆಯಿಂದ ಮುಚ್ಚದು.

ಸಸ್ಯಾಹಾರಿಗಳಾದ ನಮಗೆಲ್ಲಿಯ ಕೊಲೆಸ್ಟರಾಲ್ ಎಂದು ನಮ್ಮ ಮನೆಗಳಲ್ಲಿ ಕೇಳುವುದುಂಟು. ಈ ಸಮಾಧಾನ ನಮಗೆ ಒಪ್ಪಿಗೆಯಿಲ್ಲ. ಯಕೃತ್ತು ತಾನೇ ಕೊಲೆಸ್ಟರಾಲನ್ನು ತಯಾರಿಸುತ್ತದೆ. ತುಪ್ಪ, ವನಸ್ಪತಿ, ಕರಿದ ತಿಂಡಿಗಳು ಅದನ್ನು ಏರಿಸುತ್ತವೆ. ಎಣ್ಣೆ, ವನಸ್ಪತಿಗಳಲ್ಲಿನ ಟ್ರಾನ್ಸ್ ಕೊಬ್ಬನ್ನು ಸರ್ಕಾರ 2022ರಿಂದ ಶೇಕಡ 2ಕ್ಕೆ ಮಿತಿಗೊಳಿಸಿದೆ. ಸಾಧಾರಣವಾಗಿ ಒಟ್ಟು ಕೊಲೆಸ್ಟರಾಲ್ 200, ಎಲ್‌ಡಿಎಲ್ 100, ಟ್ರೈಗ್ಲಿಸರೈಡ್ 150 ಮಿಲಿಗ್ರಾಮಿಗಿಂತ ಕೆಳಗಿದ್ದರೆ ಒಳಿತು. ಹೃದ್ರೋಗ, ಸಕ್ಕರೆ ಕಾಯಿಲೆ ಉಳ್ಳವರಿಗೆ ಎಲ್‌ಡಿಎಲ್ ಇನ್ನೂ ಕಡಿಮೆ ಇರಬೇಕು.

ಆ ತಾಯಿಯವರ ಮಕ್ಕಳಿಗೆ ನಮ್ಮ ಸೂಚನೆಯಿಷ್ಟು. ಕಿವಿಗೆ ಬಿಸಿಯೆಣ್ಣೆ ಬಿಡುವುದು ಬೇಡ. ಕುತ್ತಿಗೆಯನ್ನು ಒತ್ತಿ ಸದ್ದು ನಿಲ್ಲುವುದೇ ಎಂದು ನೋಡುವುದು ವೈದ್ಯರ ಕೆಲಸ. ವಯಸ್ಸಾದವರಲ್ಲಿ ಮನೆಮಂದಿ ಅದನ್ನು ಮಾಡಿದರೆ ಅಪಾಯವಾದೀತು. ಕೊಬ್ಬು ಇಳಿಸುವ ಸ್ಟ್ಯಾಟಿನ್ ಮಾತ್ರೆಗಳನ್ನು ಶಸ್ತ್ರಚಿಕಿತ್ಸೆಯ ನೆಪದಲ್ಲಿ ತಾವಾಗಿಯೇ ನಿಲ್ಲಿಸಬಾರದು. ರಕ್ತ ತೆಳುವಾಗಿಸುವ ಮಾತ್ರೆಗಳ ವಿಷಯವನ್ನು ಮುಂಚಿತವಾಗಿ ವೈದ್ಯರಿಗೆ ತಿಳಿಸಬೇಕು. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಮರುದಿನಕ್ಕೆ ಕಾಯದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಕರೆದೊಯ್ಯಬೇಕು.