ಸಿಬ್ಬಿನ ಹೆಸರು ಹುಡುಕುತ್ತಾ

ವಿಡಿಯೋ ಕಾಲ್‌ನಲ್ಲಿ ಅಮ್ಮನ ಕಣ್ಣು ಸೀದಾ ನನ್ನ ಕುತ್ತಿಗೆ ಮೇಲೆ ಬಿತ್ತು. "ಏನೋ ಅದು ಬೆಳ್ಳಗೆ?" ಅಂದ್ರು. ಬನಿಯನ್ ಸರಿಸಿ ನೋಡಿಕೊಂಡರೆ ಎದೆ, ಭುಜದ ಮೇಲೂ ನಾಣ್ಯದಗಲದ ಮಸುಕು ಮಚ್ಚೆಗಳು. ಅಮ್ಮ ದನಿ ತಗ್ಗಿಸಿದರು. "ತೊನ್ನಲ್ಲ ತಾನೇ? ಮುಂದಿನ ತಿಂಗಳು ಹುಡುಗಿ ನೋಡೋಕೆ ಹೋಗ್ಬೇಕು. ಯಾರಿಗೂ ಹೇಳ್ಬೇಡ ಕಣೋ."

ಹೇಳಲಿಲ್ಲ. ಡಾಕ್ಟರಿಗೂ ಹೇಳಲಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಕ್ರೀಮ್ ತಂದು ಮೂರು ವಾರ ಹಚ್ಚಿದೆ. ತುರಿಕೆ ಕಮ್ಮಿಯಾಯಿತು, ಮಚ್ಚೆ ಬೆನ್ನಿಗೂ ಹಬ್ಬಿತು. ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದಾಗ ಅವರು ಟ್ಯೂಬ್ ತಿರುಗಿಸಿ ತೋರಿಸಿದರು: ಅದರಲ್ಲಿ ಸ್ಟೀರಾಯ್ಡ್ ಇತ್ತು. ತುರಿಕೆ ಅಡಗಿಸುತ್ತದೆ, ಫಂಗಸ್‌ಗೆ ಮಾತ್ರ ಅನುಕೂಲ ಮಾಡಿಕೊಡುತ್ತದೆ.

ಪರೀಕ್ಷೆ ಹತ್ತೇ ನಿಮಿಷದ್ದು. ಲೈಟ್ ಆರಿಸಿ ವುಡ್ಸ್ ಲ್ಯಾಂಪ್ ಹಿಡಿದರು, ಮಚ್ಚೆಗಳು ಹಳದಿಯಾಗಿ ಹೊಳೆದವು. "ತೊನ್ನಾಗಿದ್ರೆ ನೀಲಿ ಬಿಳುಪಾಗಿ ಕಾಣ್ತಿತ್ತು. ಕೆರೆದ್ರೆ ಹೀಗೆ ಹೊಟ್ಟೂ ಏಳ್ತಿರಲಿಲ್ಲ," ಅಂದರು. ಆ ಹೊಟ್ಟಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಮೈಕ್ರೋಸ್ಕೋಪ್‌ನಲ್ಲಿಟ್ಟು ನನ್ನನ್ನೂ ಕರೆದರು. ಶ್ಯಾವಿಗೆ ಚೂರುಗಳ ಮಧ್ಯೆ ಸಣ್ಣ ಉಂಡೆಗಳು ಚೆಲ್ಲಿದ ಹಾಗಿತ್ತು. ಅದೇ ಮಲಸೇಜಿಯಾ ಅನ್ನೋ ಯೀಸ್ಟ್. ನಮ್ಮೂರ ಭಾಷೆಯಲ್ಲಿ ಸಿಬ್ಬು.

ನನ್ನ ಬುದ್ಧಿ ಎಲ್ಲಿ ಹೋಗುತ್ತೆ? ಬಗ್ ಅಂದ ಮೇಲೆ ವರ್ಷನ್ ಯಾವುದು ಅಂತ ಕೇಳಲೇಬೇಕು. "ಇದರಲ್ಲಿ ಯಾವ ಜಾತಿ ಡಾಕ್ಟ್ರೇ?" ಅಂದೆ. ಅವರು ನಕ್ಕರು. "ಅದು ಈ ಗಾಜಿನ ಮೇಲೆ ಗೊತ್ತಾಗಲ್ಲ."

ಮನೆಗೆ ಬಂದು ಓದಿದಾಗ ಅರ್ಥವಾಯಿತು. ಮಲಸೇಜಿಯಾಗೆ ತನಗೆ ಬೇಕಾದ ಕೊಬ್ಬಿನಾಮ್ಲ ತಯಾರಿಸಿಕೊಳ್ಳಲು ಬರುವುದಿಲ್ಲ. ಹಾಗಾಗಿ ಜಿಡ್ಡು ಹೆಚ್ಚಿರುವ ಎದೆ, ಬೆನ್ನು, ಕುತ್ತಿಗೆಯಲ್ಲೇ ವಾಸ. ಲ್ಯಾಬಿನಲ್ಲಿ ಬೆಳೆಸುವಾಗಲೂ ಎಣ್ಣೆ ಅಂಶ ಸೇರಿಸಬೇಕು. ನಾಯಿಯ ಕಿವಿಯಲ್ಲಿ ಹೆಚ್ಚಾಗಿ ಸಿಗುವ ಪ್ಯಾಕಿಡರ್ಮಾಟಿಸ್ ಒಂದೇ ಎಣ್ಣೆಯಿಲ್ಲದ ಸಾಮಾನ್ಯ ಮಾಧ್ಯಮದಲ್ಲೂ ಬೆಳೆಯುತ್ತದೆ. ಉಳಿದವು ಯಾವ ಬಗೆಯ ಟ್ವೀನ್‌ನಲ್ಲಿ, ಅಂದರೆ ಕೊಬ್ಬಿನಾಮ್ಲವಿರುವ ರಾಸಾಯನಿಕದಲ್ಲಿ, ಬೆಳೆಯುತ್ತವೆ ಅಂತ ಒಂದೊಂದಾಗಿ ನೋಡಬೇಕು. ಹೈಡ್ರೋಜನ್ ಪೆರಾಕ್ಸೈಡ್ ಹನಿ ಹಾಕಿದರೆ ಹೆಚ್ಚಿನವು ನೊರೆ ಬರಿಸುತ್ತವೆ, ರೆಸ್ಟ್ರಿಕ್ಟಾ ಬರಿಸುವುದಿಲ್ಲ. ಇಷ್ಟಾದರೂ ಕೆಲವು ಒಂದರಂತೆ ಇನ್ನೊಂದು ಕಾಣುತ್ತವೆ, ಆಗ ಡಿಎನ್‌ಎ ಓದಿಯೇ ತೀರ್ಮಾನ. 1996ರಲ್ಲಿ ಏಳು ಜಾತಿಗಳ ಪಟ್ಟಿ ಸಿದ್ಧವಾಯಿತು, ಈಗ ಅದು 15 ದಾಟಿದೆ. ಸಿಬ್ಬಿನ ಮಚ್ಚೆಗಳಲ್ಲಿ ಅನೇಕ ಅಧ್ಯಯನಗಳು ಹೆಚ್ಚಾಗಿ ಕಂಡದ್ದು ಗ್ಲೋಬೋಸಾ, ಕೆಲವು ಕಡೆ ಫರ್ಫರ್ ಅಥವಾ ಸಿಂಪೋಡಿಯಾಲಿಸ್.

ಇನ್ನೊಂದು ತೊಡಕಿದೆ. ಇವೇ ಯೀಸ್ಟ್‌ಗಳು ಆರೋಗ್ಯವಂತರ ಚರ್ಮದ ಮೇಲೂ ಇರುತ್ತವೆ. ಹೆಸರು ಸಿಕ್ಕ ಮಾತ್ರಕ್ಕೆ ಅಪರಾಧಿ ಸಿಕ್ಕ ಹಾಗಲ್ಲ. ಸೆಕೆ, ಬೆವರು, ಜಿಡ್ಡು ಸೇರಿದಾಗ ಉಂಡೆ ರೂಪದ ಯೀಸ್ಟ್ ಎಳೆ ಬಿಡುತ್ತದೆ, ಸಿಬ್ಬು ಕಾಣಿಸುತ್ತದೆ. ಕೊಳಕಿನಿಂದ ಬಂದದ್ದಲ್ಲ, ಇನ್ನೊಬ್ಬರಿಂದ ಅಂಟಿದ್ದೂ ಅಲ್ಲ. ಮಾಮೂಲಿ ಸಿಬ್ಬಿಗೆ ಜಾತಿ ಯಾವುದಾದರೂ ಔಷಧಿ ಹೆಚ್ಚುಕಡಿಮೆ ಅದೇ. ಹಾಗಾಗಿ ಜಾತಿ ಹುಡುಕುವುದು ಸಂಶೋಧಕರ ಕೆಲಸ. ನಮಗೆ ಬೇಕಾದ್ದು ಮೊದಲ ಪ್ರಶ್ನೆಯ ಉತ್ತರ: ಇದು ಸಿಬ್ಬೋ, ಹುಳುಕಡ್ಡಿಯೋ, ತೊನ್ನೋ?

ಡಾಕ್ಟರ್ ಕೊಟ್ಟ ಔಷಧಿಗೆ ಯೀಸ್ಟ್ ಸತ್ತಿತು, ಬಣ್ಣ ಮಾತ್ರ ಬರಲಿಲ್ಲ. ಮತ್ತೆ ಗಾಬರಿ. "ಹೊಟ್ಟು ಏಳ್ತಿಲ್ಲ ಅಲ್ವಾ? ಹಾಗಿದ್ರೆ ಕಾಯಿರಿ. ಬಣ್ಣ ಕೂಡಿಕೊಳ್ಳೋಕೆ ತಿಂಗಳುಗಳೇ ಬೇಕು. ಮುಂದಿನ ಬೇಸಿಗೆಗೆ ತಿರುಗಿ ಬಂದ್ರೂ ಹೆದರಬೇಡಿ, ಬನ್ನಿ," ಅಂದರು. ಮೂರು ತಿಂಗಳು ಹಿಡಿಯಿತು.

ಹುಡುಗಿ ಮನೆಗೆ ಮಚ್ಚೆ ಇಟ್ಟುಕೊಂಡೇ ಹೋಗಿದ್ದೆ. ಅವಳೇ ಕೇಳಿದಳು, ಇದ್ದದ್ದು ಹೇಳಿದೆ. "ನಮ್ಮಣ್ಣಂಗೂ ಪ್ರತಿ ಬೇಸಿಗೆಗೆ ಬರುತ್ತೆ," ಅಂದಳು.

ವಾಪಸ್ ಬರುವಾಗ ಕಾರಿನಲ್ಲಿ ಅಮ್ಮನಿಗೆ ಇನ್ನೊಂದು ಮಾತೂ ಹೇಳಿದೆ. ತೊನ್ನೇ ಆಗಿದ್ದರೂ ಅದು ಅಂಟುವ ರೋಗವಲ್ಲ, ಮುಚ್ಚಿಡುವಂಥ ತಪ್ಪೂ ಅಲ್ಲ. ಅಮ್ಮ ಸ್ವಲ್ಪ ಹೊತ್ತು ಕಿಟಕಿ ಆಚೆ ನೋಡುತ್ತಾ ಕೂತರು. ಆಮೇಲೆ, "ನಿಮ್ಮ ಚಿಕ್ಕಮ್ಮನ ಮಗಳೂ ವರ್ಷದಿಂದ ಉದ್ದ ತೋಳಿನ ರವಿಕೆನೇ ಹಾಕ್ತಿದಾಳೆ ಕಣೋ. ಆ ಡಾಕ್ಟರ್ ನಂಬರ್ ಕೊಡು," ಅಂದರು.